ಎರಡು ಸೇರಿಸಿ ಬರೆದವಳು

ಥೋರ್ಸ್‌ಬಿಯ ಜನ ‘ನಡೀತಾ ಇದೆ’ ಎಂಬ ಒಂದೇ ಮಾತನ್ನು ಹನ್ನೊಂದು ರೀತಿಯಲ್ಲಿ ಹೇಳಬಲ್ಲರು ಎಂದು ಡಾಗ್ನಿ ಟೋಫ್ಟ್ ಒಮ್ಮೆ ತಮಾಷೆಗೆ ಲೆಕ್ಕ ಹಾಕಿದ್ದಳು. ಮೂವತ್ತೊಂದು ವರ್ಷ ಅವಳು ಅಲ್ಲಿ ಮನೆಮನೆಗೆ ಹೋಗುವ ನರ್ಸ್ ಆಗಿದ್ದವಳು. ಹುಣ್ಣಿಗೆ ಪಟ್ಟಿ ಕಟ್ಟುತ್ತ, ಊದಿದ ಕಾಲುಗಳಿಗೆ ಬಿಗಿ ಕಾಲುಚೀಲ ಏರಿಸುತ್ತ, ಹೇಗಿದ್ದೀಯ ಎಂದು ಕೇಳಿ ಕೇಳಿ ಅವಳ ಕಿವಿ ಪಳಗಿತ್ತು. ಆ ಮಾತು ಥಟ್ಟನೆ ಬಂದರೆ ನಿಜಕ್ಕೂ ಚೆನ್ನಾಗಿದ್ದಾರೆ. ತಡೆದು ಬಂದರೆ ಎಲ್ಲೋ ನೋವಿದೆ. ಹೇಳಿ ಮುಗಿಸಿ, ಕಿಟಕಿಯ ಕಡೆ ತಿರುಗಿ ಗಾಳಿಯ ವಿಷಯ ತೆಗೆದರೆ ಡಾಕ್ಟರಿಗೆ ಫೋನ್ ಮಾಡಬೇಕು. ಈ ಲೆಕ್ಕ ಹೆಚ್ಚು ಸಲ ತಪ್ಪಿರಲಿಲ್ಲ.

ಡೆನ್ಮಾರ್ಕಿನ ಆ ಪಶ್ಚಿಮ ಕರಾವಳಿಯಲ್ಲಿ ತನ್ನನ್ನು ತಾನೇ ಹೊಗಳಿಕೊಳ್ಳುವವನನ್ನು ಯಾರೂ ಬಯ್ಯುವುದಿಲ್ಲ. ಕಾಫಿ ಮುಗಿಸಿ ಎದ್ದು ಹೋಗುತ್ತಾರೆ, ಅಷ್ಟೆ. ಅಲ್ಲಿಯ ದೊಡ್ಡ ಹೊಗಳಿಕೆ ಎಂದರೆ ‘ಅಷ್ಟೇನೂ ಕೆಟ್ಟದಾಗಿಲ್ಲ.’ ರಸ್ತೆಯಲ್ಲಿ ಎದುರು ಬರುವ ಕಾರಿಗೆ ಸ್ಟಿಯರಿಂಗಿನ ಮೇಲಿಂದ ಎರಡು ಬೆರಳು ಎತ್ತಿದರೆ ನಮಸ್ಕಾರವೂ ಆಯಿತು, ಕುಶಲಪ್ರಶ್ನೆಯೂ ಆಯಿತು, ಅದರ ಉತ್ತರವೂ ಆಯಿತು.

ಕೆಲಸದಿಂದ ನಿವೃತ್ತಳಾದ ಮರುವರ್ಷ, ಅರವತ್ತಾರರಲ್ಲಿ, ಡಾಗ್ನಿಗೆ ಹೊಸ ಕೆಲಸವೊಂದು ಸಿಕ್ಕಿತು. ಮರೆವಿನ ಕಾಯಿಲೆಯವರನ್ನೋ ಹಾಸಿಗೆ ಹಿಡಿದವರನ್ನೋ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವವರಿಗೆ ಕಷ್ಟವನ್ನು ತಾಳಿಕೊಳ್ಳಬಲ್ಲೆ ಎಂಬ ಭರವಸೆ ಎಷ್ಟಿದೆ ಎಂದು ಒಂದು ವಿಶ್ವವಿದ್ಯಾಲಯ ಅಳೆಯುತ್ತಿತ್ತು. ಹದಿನಾಲ್ಕು ಪ್ರಶ್ನೆ. ಪ್ರತಿ ಪ್ರಶ್ನೆಗೂ ಸೊನ್ನೆಯಿಂದ ಹತ್ತರೊಳಗಿನ ಒಂದು ಅಂಕಿ. ಸೊನ್ನೆ ಎಂದರೆ ನನ್ನಿಂದ ಆಗುವುದೇ ಇಲ್ಲ, ಹತ್ತು ಎಂದರೆ ಪೂರ್ತಿ ಖಾತ್ರಿ. ಅಂಕಿಗಳ ಸರಾಸರಿ ಒಂದು ಗೊತ್ತಾದ ಗೆರೆಗಿಂತ ಕೆಳಗಿಳಿದವರಿಗೆ ಪುರಸಭೆಯಿಂದ ವಾರದೊಳಗೆ ಫೋನ್ ಬರುತ್ತದೆ. ಆಮೇಲೆ ಒಬ್ಬರು ಮನೆಗೆ ಬಂದು ನೋಡುತ್ತಾರೆ, ರೋಗಿಯನ್ನು ವಾರಕ್ಕೆರಡು ದಿನ ಹಗಲಿನ ಆರೈಕೆ ಕೇಂದ್ರಕ್ಕೆ ಸೇರಿಸಿಕೊಳ್ಳುತ್ತಾರೆ.

ಮೊದಲ ಸುತ್ತಿನಲ್ಲಿ ಪ್ರಶ್ನೆಗಳನ್ನು ಅಂಚೆಯಲ್ಲಿ ಕಳಿಸಿದ್ದರು. ಥೋರ್ಸ್‌ಬಿಯಲ್ಲಿ ತುಂಬಿ ಕಳಿಸಿದವರು ಕೆಲವೇ ಮಂದಿ, ಬಂದ ಅಂಕಿಗಳೂ ಜಿಲ್ಲೆಗೇ ಕಡಿಮೆ. ಪಶ್ಚಿಮದವರಿಗೆ ತಮ್ಮ ಮೇಲೆಯೇ ನಂಬಿಕೆಯಿಲ್ಲ ಎಂದು ಪತ್ರಿಕೆಯಲ್ಲಿ ತಲೆಬರಹ ಬಂತು. ಸಹಕಾರಿ ಅಂಗಡಿಯ ಬಾಗಿಲಲ್ಲಿ ಆ ಪತ್ರಿಕೆಯನ್ನು ಮಡಚಿ ಹಿಡಿದು, ಚರ್ಚಿನ ಮಂಡಳಿಯ ಅಧ್ಯಕ್ಷ ಓಲುಫ್ ಡಾಗ್ನಿಗೆ ಹೇಳಿದ್ದ, “ನಾವು ಪುಕ್ಕಲರಂತೆ ಕಣೆ. ಅಳೆದು ನೋಡಿದಾರೆ.”

ಅವನು ನಗುತ್ತಲೇ ಹೇಳಿದ್ದು. ಆದರೆ ಡಾಗ್ನಿಗೆ ಅದು ಮುಳ್ಳಿನಂತೆ ನಾಟಿತು. ಆ ಊರಿನವರು ಏನೇನನ್ನು ತಾಳಿಕೊಂಡಿದ್ದಾರೆಂದು ಅವಳಷ್ಟು ಹತ್ತಿರದಿಂದ ನೋಡಿದವರು ಯಾರೂ ಇರಲಿಲ್ಲ.

ಎರಡನೆಯ ಸುತ್ತಿಗೆ ಮನೆಗೇ ಹೋಗಿ ಕೇಳುವವರು ಬೇಕಾದಾಗ ಅವಳನ್ನು ಆರಿಸಿದರು. ಮೂರು ಊರು, ಐವತ್ತೆಂಟು ಮನೆ. ತರಬೇತಿ ಕೊಡಲು ಬಂದವಳು ಮೈಬ್ರಿಟ್ ಎಂಬ ಸಂಶೋಧಕಿ. ನಲವತ್ತರ ಹೆಂಗಸು, ತಾಳ್ಮೆಯವಳು. ಅವರು ಹೇಳಿದ ಅಂಕಿಯನ್ನೇ ಬರೆಯಿರಿ, ಇದೊಂದೇ ನಿಯಮ ಎಂದಳು. ಎಂಟು ಎಂದು ಮನಸ್ಸಿನಲ್ಲಿಟ್ಟುಕೊಂಡು ಐದು ಎಂದರೆ ಏನು ಮಾಡುವುದು ಎಂದು ಡಾಗ್ನಿ ಕೇಳಿದಳು. ಐದನ್ನೇ ಬರೆಯಿರಿ, ಅದನ್ನು ಸರಿದೂಗಿಸುವ ದಾರಿ ನಮ್ಮಲ್ಲಿದೆ ಎಂದು ಮೈಬ್ರಿಟ್ ಉತ್ತರಿಸಿದಳು. ದೂರದ ನಗರದಲ್ಲಿ ಕೂತವರಿಗೆ ಅಂಥ ದಾರಿ ಇರಬಹುದೆಂದು ಡಾಗ್ನಿ ನಂಬಲಿಲ್ಲ. ನಂಬಲಿಲ್ಲ ಎಂದು ಹೇಳಲೂ ಇಲ್ಲ.

ಮೊದಲ ಮನೆ ಎಲಿನೋರಳದು. ಗಂಡ ಟ್ರ್ಯಾಕ್ಟರಿನಡಿ ಸಿಕ್ಕಿ ಸತ್ತ ಮೇಲೆ ನಾಲ್ಕು ಮಕ್ಕಳನ್ನು ಒಬ್ಬಳೇ ಬೆಳೆಸಿದವಳು. ಈಗ ಎಂಬತ್ತರ ಹತ್ತಿರ ಬಂದರೂ ಪಾರ್ಶ್ವವಾಯು ಬಡಿದ ತಮ್ಮನನ್ನು ದಿನಾ ಎತ್ತಿ ಕೂರಿಸುತ್ತಿದ್ದಳು. ಎಲ್ಲ ಕೈಮೀರಿದಾಗಲೂ ಮನಸ್ಸು ಕುಗ್ಗದಂತೆ ಹಿಡಿದುಕೊಳ್ಳಬಲ್ಲೆ ಎಂಬ ಖಾತ್ರಿ ಎಷ್ಟು ಎಂದು ಡಾಗ್ನಿ ಓದಿದಳು. ಎಲಿನೋರ್ ಸಕ್ಕರೆಯ ಡಬ್ಬಿಯನ್ನು ಸರಿಸಿದಳು.

“ಐದು ಹಾಕು.”

“ಐದಾ? ನೀನಾ?”

“ಮತ್ತೇನು ಹತ್ತು ಹಾಕ್ತೀಯಾ? ನೋಡಿದವರು ಏನಂದ್ಕೊಂಡಾರು. ಪಾದ್ರಿನೇ ಆರಕ್ಕಿಂತ ಮೇಲೆ ಹೋಗಲ್ಲ.”

ಡಾಗ್ನಿ ಏಳು ಎಂದು ಬರೆದಳು. ಬರೆಯುವಾಗ ಅದು ಸುಳ್ಳು ಎನ್ನಿಸಲಿಲ್ಲ. ಆ ಊರಿನ ಮಾತನ್ನು ಹೊರಗಿನವರ ಭಾಷೆಗೆ ತಿರುಗಿಸಿದಂತಿತ್ತು. ಅಲ್ಲಿಂದ ಮುಂದೆ ಅದು ರೂಢಿಯಾಯಿತು. ಹುಟ್ಟಿ ಬೆಳೆದವರಾದರೆ ಪ್ರತಿ ಉತ್ತರಕ್ಕೂ ಎರಡು ಸೇರಿಸುವುದು, ಹೊರಗಿನಿಂದ ಬಂದು ನೆಲೆಸಿದವರದನ್ನು ಹಾಗೇ ಬಿಡುವುದು.

ಅಕ್ಟೋಬರ್ ಮೂರನೆಯ ವಾರ, ಬೆಳಿಗ್ಗೆ ಹತ್ತಕ್ಕೆ, ಅವಳು ಕ್ರೆಸ್ಟೆನ್ ಬ್ಯೆರೆಯ ಮನೆಗೆ ಹೋದಳು. ಕ್ರೆಸ್ಟೆನ್ ಡೈರಿಯ ಹಾಲಿನ ಟ್ಯಾಂಕರನ್ನು ನಲವತ್ತು ವರ್ಷ ಓಡಿಸಿದವನು. ಹಿಮ ಬಿದ್ದ ದಿನವೂ ಒಂದು ಕೊಟ್ಟಿಗೆಯನ್ನೂ ತಪ್ಪಿಸಿದವನಲ್ಲ. ಶಾಲೆಯಲ್ಲಿ ಡಾಗ್ನಿಯ ಅಣ್ಣನ ಜೊತೆ ಓದಿದವನು. ಅವನ ಹೆಂಡತಿ ಮೆಟಾಳಿಗೆ ಮರೆವಿನ ಕಾಯಿಲೆ ಬಂದು ಐದು ವರ್ಷವಾಗಿತ್ತು. ಅವಳು ಮೇಜಿನ ತುದಿಯಲ್ಲಿ ಕೂತು ಬಟ್ಟೆಯ ಕರವಸ್ತ್ರವೊಂದನ್ನು ಮಡಚುತ್ತ, ಬಿಡಿಸುತ್ತ ಇದ್ದಳು. ಕ್ರೆಸ್ಟೆನ್ ಗಡ್ಡ ಹೆರೆದು ಬಿಳಿ ಅಂಗಿ ಹಾಕಿಕೊಂಡಿದ್ದ. ಕಾಫಿಯ ಜೊತೆ ಅಂಗಡಿಯ ಬಿಸ್ಕತ್ತನ್ನು ಪೊಟ್ಟಣದಲ್ಲೇ ಇಟ್ಟಿದ್ದ. ಆ ಪೊಟ್ಟಣ ಡಾಗ್ನಿಯ ಕಣ್ಣಿಗೆ ಬಿತ್ತು. ಮೆಟಾ ಮನೆ ನಡೆಸುತ್ತಿದ್ದ ಕಾಲದಲ್ಲಿ ಅದು ನಡೆಯುವ ಮಾತಾಗಿರಲಿಲ್ಲ.

ಡಾಗ್ನಿ ಮೊದಲ ಪ್ರಶ್ನೆ ಓದಿದಾಗ ಅವನು ಕರವಸ್ತ್ರ ಮಡಚುತ್ತಿದ್ದ ಮೆಟಾಳ ಕೈಗಳನ್ನು ನೋಡಿದ.

“ಮೂರು,” ಎಂದ.

ಡಾಗ್ನಿ ಪೆನ್ಸಿಲ್ ಹಿಡಿದು ಅವನ ಮುಖ ನೋಡಿದಳು. ಐದು ಎನ್ನುವುದು ಆ ಊರಿನ ರೂಢಿ. ಮೂರನ್ನು ಅವಳು ಅಲ್ಲಿಯವರೆಗೆ ಕೇಳಿರಲಿಲ್ಲ. ನಲವತ್ತು ವರ್ಷ ಒಂದು ದಿನವೂ ತಡವಾಗದ ಮನುಷ್ಯ. ಎಲ್ಲರಿಗಿಂತ ಎರಡು ಪಟ್ಟು ಸಂಕೋಚದವನು ಎಂದುಕೊಂಡಳು. ಐದು ಎಂದು ಬರೆದಳು.

“ಬರ್ಕೊಂಡ್ಯಾ?” ಎಂದು ಕ್ರೆಸ್ಟೆನ್ ಕೇಳಿದ.

“ಬರ್ಕೊಂಡೆ.”

ಹಾಗೆ ಕೇಳಿದವರು ಐವತ್ತೆಂಟು ಮನೆಗಳಲ್ಲಿ ಬೇರೆ ಯಾರೂ ಇರಲಿಲ್ಲ. ಇದು ಅವಳಿಗೆ ಹೊಳೆದದ್ದು ನಾಲ್ಕು ತಿಂಗಳ ನಂತರ. ಅಂದು ಉಳಿದ ಪ್ರಶ್ನೆಗಳಿಗೆ ಅವನು ಮೂರು, ಮೂರು, ನಾಲ್ಕು, ಮೂರು ಎಂದ. ಕೋಪ ಬಂದಾಗ ಒಂದು ಹೆಜ್ಜೆ ಹಿಂದೆ ಸರಿಯಬಲ್ಲೆಯಾ ಎಂಬ ಒಂಬತ್ತನೆಯದಕ್ಕೆ ಎರಡು ಎಂದ. ಅವಳು ಏಳುವಾಗ ಮೆಟಾ ಕರವಸ್ತ್ರವನ್ನು ಅವಳ ಕೈಗಿಟ್ಟು, ಅಮ್ಮ ಎಲ್ಲಿ ಎಂದು ಕೇಳಿದಳು. ಸಂಜೆಗೆ ಬರ್ತಾಳೆ ಎಂದು ಕ್ರೆಸ್ಟೆನ್ ಉತ್ತರ ಕೊಟ್ಟ. ಆ ಉತ್ತರವನ್ನು ಎಷ್ಟೋ ಸಲ ಕೊಟ್ಟಿದ್ದಾನೆಂದು ಅವನ ದನಿಯೇ ಹೇಳುತ್ತಿತ್ತು.

ಅವನ ಸರಾಸರಿ ಮೂರು. ಕಾಗದದ ಮೇಲೆ ಐದು. ಗೆರೆ ಇದ್ದದ್ದು ನಾಲ್ಕಕ್ಕೆ. ಫೋನ್ ಬರಲಿಲ್ಲ.

ಡಿಸೆಂಬರ್ ಮೊದಲ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ರೆಸ್ಟೆನ್ ಹೊರಗಿನಿಂದ ಬಾಗಿಲಿಗೆ ಬೀಗ ಹಾಕಿ ಕಾರು ಹತ್ತಿ ಹೋದ. ಡೈರಿಯ ಹಿಂದೆ, ಹಿಂದೊಮ್ಮೆ ಅವನ ಟ್ಯಾಂಕರ್ ನಿಲ್ಲುತ್ತಿದ್ದ ಜಾಗದಲ್ಲಿ ಕಾರು ನಿಲ್ಲಿಸಿ ಮೂರು ಗಂಟೆಯವರೆಗೆ ಕೂತಿದ್ದ. ಅಷ್ಟರಲ್ಲಿ ಮೆಟಾ ಅಡಿಗೆಮನೆಯ ಕಿಟಕಿಯಿಂದ ಹೊರಗಿಳಿಯಲು ಹೋಗಿ ಬಿದ್ದಳು. ಅಂಚೆ ತಂದ ಹೆಂಗಸು ನೋಡುವಾಗ ಮಧ್ಯಾಹ್ನವಾಗಿತ್ತು. ಸೊಂಟದ ಮೂಳೆ ಮುರಿದಿತ್ತು, ಮೈ ತಣ್ಣಗಾಗಿತ್ತು. ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ನ್ಯುಮೋನಿಯಾ ಬಂತು. ಫೆಬ್ರವರಿಯ ಮೊದಲ ವಾರ ತೀರಿಕೊಂಡಳು.

ಊರಿನವರು ಕ್ರೆಸ್ಟೆನ್‌ನನ್ನು ಏನೂ ಅನ್ನಲಿಲ್ಲ. ಹೇಗಿದ್ದೀಯ ಎಂದು ಕೇಳುವುದನ್ನು ನಿಲ್ಲಿಸಿದರು.

ಮಣ್ಣು ಮಾಡಿದ ಮೇಲೆ ಊರಿನ ಸಭಾಂಗಣದಲ್ಲಿ ಕಾಫಿ ಇತ್ತು. ಉದ್ದನೆಯ ಮೇಜು, ಬೆಣ್ಣೆ ಸವರಿದ ಬನ್ನು, ಮಧ್ಯದಲ್ಲಿ ಮೆಟಾಳ ಹಳೆಯ ಫೋಟೋ. ಡಾಗ್ನಿ ಗೋಡೆಯ ಬದಿಗೆ ಕೂತಿದ್ದಳು. ಎದುರಿಗೆ ಕ್ರೆಸ್ಟೆನ್, ಅವನ ಪಕ್ಕದಲ್ಲಿ ಮೆಟಾಳ ತಂಗಿ ಕಾರ್ಲಾ. ಪುರಸಭೆ ಯಾಕೆ ಮೊದಲೇ ಸಹಾಯಕ್ಕೆ ಬರಲಿಲ್ಲ ಎಂದು ಯಾರೋ ಮೆಲ್ಲಗೆ ಕೇಳಿದರು. ಕಾರ್ಲಾ ಅದನ್ನೇ ಕಾಗದ ಬರೆದು ಕೇಳಿದ್ದಳು, ಉತ್ತರವೂ ಬಂದಿತ್ತು. ಅವಳು ದನಿ ಎತ್ತಲಿಲ್ಲ. ಆದರೆ ಮೇಜಿನ ಎರಡೂ ತುದಿಗೆ ಕೇಳಿಸಿತು.

“ಅಕ್ಟೋಬರಿನಲ್ಲೇ ಬಂದು ಕೇಳಿದ್ರಂತೆ. ಇವನೇ ಐದು ಅಂದಿದಾನೆ. ನಿಭಾಯಿಸ್ತೀನಿ ಅಂದಿದಾನೆ.”

ಕ್ರೆಸ್ಟೆನ್ ಕಪ್ಪನ್ನು ತಟ್ಟೆಯಲ್ಲಿ ತಿರುಗಿಸುತ್ತಿದ್ದ. ಅದು ನಿಂತಿತು. ಅವನು ತಲೆಯೆತ್ತಿ ನೋಡಿದ್ದು ಕಾರ್ಲಾಳನ್ನಲ್ಲ, ಡಾಗ್ನಿಯನ್ನು. ಅವನು ಏನಾದರೂ ಹೇಳುತ್ತಾನೆಂದು ಅವಳು ಕಾದಳು. ಅವನು ಮತ್ತೆ ಕಪ್ಪಿನ ಕಡೆ ನೋಡಿದ. ಎದುರಿಗೆ ಕೂತ ಡಾಗ್ನಿಯಾದರೂ ಬಾಯಿ ಬಿಡಬಹುದಿತ್ತು. ಅವಳೂ ಬಿಡಲಿಲ್ಲ. ಬನ್ನಿನ ತಟ್ಟೆ ಅವಳ ಹತ್ತಿರ ಬಂತು. ಅವಳು ಒಂದನ್ನು ತೆಗೆದುಕೊಂಡು ಪಕ್ಕದವರಿಗೆ ದಾಟಿಸಿದಳು.

ಅಲ್ಲಿಂದ ಹನ್ನೊಂದು ದಿನ ಅವಳು ತನಗೆ ತಾನೇ ನೆಪ ಹೇಳಿಕೊಂಡಳು. ಎರಡು ಅಂಕಿಯಿಂದ ಯಾರೂ ಸಾಯುವುದಿಲ್ಲ ಎಂದುಕೊಂಡಳು. ಫೋನ್ ಬಂದಿದ್ದರೂ ಆ ಗುರುವಾರ ಹಾಗೆಯೇ ಆಗುತ್ತಿತ್ತೇನೋ ಎಂದುಕೊಂಡಳು. ಬಾಯಿ ಬಿಟ್ಟರೆ ಮೂವತ್ತೊಂದು ವರ್ಷದ ಹೆಸರು ಹೋಗುತ್ತದೆ ಎಂಬುದನ್ನೂ ಯೋಚಿಸಿದಳು, ಆ ಯೋಚನೆಗೆ ನಾಚಿದಳು. ಬಿಡದೆ ಕಾಡಿದ್ದು ಮಾತ್ರ ಒಂದೇ. ತನ್ನ ಕೈಲಾಗುವುದಿಲ್ಲ ಎಂದು ಹೇಳಿದ ಮನುಷ್ಯನನ್ನು, ಆಗುತ್ತದೆ ಎಂದು ಜಂಬ ಹೊಡೆದವನೆಂದು ಊರು ತಿಳಿದಿದೆ. ಹಾಗೆ ಹೇಳಿಸಿದ್ದು ತನ್ನ ಪೆನ್ಸಿಲ್.

ಹನ್ನೆರಡನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅವಳು ಅವನ ಬಾಗಿಲು ತಟ್ಟಿದಳು. ಅವನು ಒಳಗೆ ಬಾ ಎನ್ನಲಿಲ್ಲ, ಬಾಗಿಲು ತೆರೆದಿಟ್ಟು ಒಳಗೆ ನಡೆದ. ಅದೇ ಮೇಜಿನ ಅದೇ ಕುರ್ಚಿಗಳಲ್ಲಿ ಇಬ್ಬರೂ ಕೂತರು. ಮೇಜಿನ ತುದಿಯ ಕುರ್ಚಿ ಖಾಲಿ ಇತ್ತು. ಕಾಫಿ ಇರಲಿಲ್ಲ.

“ಆವತ್ತು ನೀನು ಮೂರು ಅಂದೆ,” ಎಂದಳು ಡಾಗ್ನಿ. “ನಾನು ಐದು ಬರೆದೆ.”

“ಗೊತ್ತು.” ಅವನು ಅಂಗೈಯಿಂದ ಮೇಜನ್ನು ಒರೆಸಿದ, ಅಲ್ಲಿ ಏನೂ ಬಿದ್ದಿರಲಿಲ್ಲ. “ಕಾರ್ಲಾ ಹೇಳಿದ ಮೇಲೆ ಗೊತ್ತಾಯ್ತು. ಅಲ್ಲೀವರೆಗೆ ಬೇರೆ ಅಂದ್ಕೊಂಡಿದ್ದೆ.”

“ಏನಂತ?”

“ಮೂರು ಸಾಲ್ಲಿಲ್ವೇನೋ ಅಂತ. ಫೋನ್ ಬರ್ಲೇ ಇಲ್ವಲ್ಲ. ಆರು ವಾರ ಫೋನನ್ನ ಅಂಗಿ ಜೇಬಲ್ಲೇ ಇಟ್ಕೊಂಡು ಓಡಾಡಿದೆ. ಒಂದು ಅನ್ಬೇಕಿತ್ತೇನೋ ಅನ್ನಿಸ್ತು. ಒಂದು, ಸೊನ್ನೆ ಎಲ್ಲ ನಿಜವಾಗ್ಲೂ ಕಷ್ಟದಲ್ಲಿರೋರಿಗೆ ಅಂತ ಬಿಟ್ಟಿದ್ದೆ.”

ಯಾಕೆ ಹಾಗೆ ಬರೆದೆ ಎಂದು ಅವನು ಕೇಳಿದ. ನಮ್ಮೂರವರೆಲ್ಲ ತಮ್ಮ ಬಗ್ಗೆ ಕಡಿಮೆ ಹೇಳ್ತಾರೆ, ನೀನೂ ಹಾಗೇ ಅಂದುಕೊಂಡೆ ಎಂದಳು ಡಾಗ್ನಿ.

“ನಾನು ಕಡಿಮೆ ಹೇಳ್ಲಿಲ್ಲ,” ಎಂದ ಕ್ರೆಸ್ಟೆನ್. “ಬರ್ತೀನಿ ಅಂತ ನಿನ್ನ ಕಾಗದ ಬಂದಾಗ್ಲಿಂದ ಮೂರು ದಿನ ಯೋಚ್ನೆ ಮಾಡಿದ್ದೆ, ಡಾಗ್ನಿ. ಹೇಳೋದಾ ಬೇಡ್ವಾ ಅಂತ. ಬೇರೆ ಯಾರು ಬಂದಿದ್ರೂ ಐದೇ ಅಂತಿದ್ದೆ. ಬರೋಳು ನೀನು ಅಂತ ಮೂರು ಅಂದೆ.”

ಹೊರಗೆ ಗಾಳಿ ಧ್ವಜದ ಕಂಬದ ಹಗ್ಗವನ್ನು ಬಡಿಯುತ್ತಿತ್ತು. ಅವನು ಎದ್ದು ಗೋಡೆಯಿಂದ ಡೈರಿಯ ಹಳೆಯ ಕ್ಯಾಲೆಂಡರನ್ನು ಇಳಿಸಿದ. ಡಿಸೆಂಬರಿನ ಹಾಳೆಯನ್ನು ಹರಿದು, ಖಾಲಿ ಬೆನ್ನು ಮೇಲೆ ಮಾಡಿ ಅವಳ ಮುಂದಿಟ್ಟ.

“ಈಗ ಬರಿ.”

ಪ್ರಶ್ನೆಗಳು ಅವಳಿಗೆ ಬಾಯಿಪಾಠವಾಗಿದ್ದವು. ಒಂದೊಂದಾಗಿ ಕೇಳಿದಳು. ಅವನು ಅಕ್ಟೋಬರಿನಲ್ಲಿ ಹೇಳಿದ್ದ ಅಂಕಿಗಳನ್ನೇ, ಅದೇ ಕ್ರಮದಲ್ಲಿ, ಯೋಚಿಸದೆ ಹೇಳಿದ. ಒಂದನ್ನೂ ಮರೆತಿರಲಿಲ್ಲ. ಒಂಬತ್ತನೆಯದಕ್ಕೆ ಬಂದಾಗ ತಡೆದ.

“ಕೋಪ ಬಂದಾಗ ಹಿಂದೆ ಸರಿಯೋದು. ಅದಕ್ಕೆ ಎರಡು ಅಂದಿದ್ದೆ.” ಖಾಲಿ ಕುರ್ಚಿಯ ಕಡೆ ನೋಡಿದ. “ಆವತ್ತು ಬೆಳಿಗ್ಗೆಯಿಂದ ಅಮ್ಮ ಎಲ್ಲಿ ಅಂತ ಕೇಳ್ತಾನೇ ಇದ್ಲು. ಕೈ ಮೇಲಕ್ಕೆ ಹೋಯ್ತು. ನನ್ನ ಕೈ. ಅದಕ್ಕೇ ಸರಿದೆ. ಬೀಗ ಹಾಕಿ ಸರಿದೆ.”

“ಎರಡೇ ಬರೀಲಾ?”

“ನಾನು ಹೇಳಿದ್ದನ್ನ ಬರಿ.”

ಅವಳು ಎರಡು ಎಂದು ಬರೆದಳು. ಹದಿನಾಲ್ಕೂ ಮುಗಿದ ಮೇಲೆ ಅವನು ಕನ್ನಡಕ ಹಾಕಿಕೊಂಡು ಪ್ರತಿ ಅಂಕಿಯ ಮೇಲೂ ಬೆರಳಿಟ್ಟು ಓದಿದ. ಹಾಳೆಯನ್ನು ಮಡಚಿ ಮೇಜಿನ ಖಾನೆಯಲ್ಲಿಟ್ಟ. ಕ್ಷಮಿಸು ಎಂದು ಡಾಗ್ನಿ ಹೇಳಿದಾಗ, ಅದು ಬೇರೆ ವಿಷಯ ಎಂದಷ್ಟೇ ಹೇಳಿ ಬಾಗಿಲವರೆಗೆ ಬಂದ.

ಅದೇ ಮಧ್ಯಾಹ್ನ ಅವಳು ಮೈಬ್ರಿಟ್‌ಗೆ ಫೋನ್ ಮಾಡಿದಳು. ಮೈಬ್ರಿಟ್ ಬೈಯಲಿಲ್ಲ. ಎಷ್ಟು ಮನೆಗಳದ್ದು ಎಂದು ಕೇಳಿದಳು. ಬಹುಪಾಲು ಮನೆಗಳದ್ದು, ಆದರೆ ಮದುವೆಯಾಗಿ ಊರಿಗೆ ಬಂದವರಲ್ಲಿ ಯಾರಿಗೆ ಸೇರಿಸಿದೆ ಯಾರಿಗಿಲ್ಲ ಎಂದು ಈಗ ಖಾತ್ರಿಯಾಗಿ ಹೇಳಲಾರೆ ಎಂದಳು ಡಾಗ್ನಿ. ಆಮೇಲೆ ಮೈಬ್ರಿಟ್ ಹೇಳಿದ್ದನ್ನು ಅವಳು ಎಂದೂ ಮರೆಯಲಿಲ್ಲ. ಪಶ್ಚಿಮದವರು ಕಡಿಮೆ ಹೇಳುತ್ತಾರೆಂಬುದು ಮೊದಲ ಸುತ್ತಿನಲ್ಲೇ ಅವರಿಗೆ ತಿಳಿದಿತ್ತು. ಅದಕ್ಕೇ ಫೋನ್ ಮಾಡುವ ಗೆರೆ ಬೇರೆ ಕಡೆ ಐದೂವರೆಗೆ ಇದ್ದರೆ, ಆ ಮೂರು ಊರುಗಳಲ್ಲಿ ನಾಲ್ಕಕ್ಕೆ ಇಳಿಸಿದ್ದರು. ಊರಿನ ಸಂಕೋಚವನ್ನು ಅವರು ಆಗಲೇ ಲೆಕ್ಕಕ್ಕೆ ಹಿಡಿದಿದ್ದರು. ಡಾಗ್ನಿ ಅದನ್ನೇ ಎರಡನೆಯ ಸಲ ಹಿಡಿದಿದ್ದಳು.

“ಅದಕ್ಕೆ ದಾರಿ ಇದೆ ಅಂದಿದ್ದೆನಲ್ಲ,” ಎಂದಳು ಮೈಬ್ರಿಟ್.

“ಅಂದಿದ್ರಿ,” ಎಂದಳು ಡಾಗ್ನಿ.

ಅವಳನ್ನು ಕೆಲಸದಿಂದ ಬಿಡಿಸಿದರು. ಅವಳ ಐವತ್ತೆಂಟು ಕಾಗದಗಳನ್ನೂ ತೆಗೆದುಹಾಕಿದರು. ಬೇರೆ ಊರಿನ ಹೆಂಗಸೊಬ್ಬಳು ಮಾರ್ಚ್‌ನಲ್ಲಿ ಮನೆಮನೆಗೆ ಹೋಗಿ ಮತ್ತೆ ಕೇಳಿದಳು. ಎಲಿನೋರ್ ಮತ್ತೆ ಐದೇ ಹೇಳಿದಳು. ಕ್ರೆಸ್ಟೆನ್‌ನನ್ನು ಬಿಟ್ಟು ಇನ್ನೂ ನಾಲ್ಕು ಜನ ಗೆರೆಯ ಕೆಳಗಿದ್ದರು. ಅವರಲ್ಲಿ ಒಬ್ಬರನ್ನಂತೂ ಡಾಗ್ನಿ ಊಹಿಸಿರಲೇ ಇಲ್ಲ. ಎಷ್ಟೋ ವರ್ಷ ವಾರಕ್ಕೊಮ್ಮೆ ಅವರ ಮನೆಯಲ್ಲಿ ಕಾಫಿ ಕುಡಿದವಳು ಅವಳು.

ಕಾರ್ಲಾಳ ಮನೆಗೂ ಹೋದಳು. ಕಾರ್ಲಾ ನಿಂತೇ ಕೇಳಿಸಿಕೊಂಡಳು.

“ನನಗೊಬ್ಬಳಿಗೆ ಹೇಳಿ ಏನು ಪ್ರಯೋಜನ?” ಎಂದಳು. “ನಾನು ಅಂದದ್ದು ಎಲ್ಲರೆದುರಿಗೆ. ನೀನೂ ಅಲ್ಲೇ ಕೂತಿದ್ದೆ, ಬನ್ನು ತಿಂತಾ.”

ಮುಂದಿನ ಭಾನುವಾರ ಪ್ರಾರ್ಥನೆಯ ಬಳಿಕ ಕಾಫಿಗೆ ಸೇರಿದ್ದವರ ಎದುರು ಡಾಗ್ನಿ ಎದ್ದು ನಿಂತಳು. ಮೂವತ್ತು ಜನರಿದ್ದರು. ಕ್ರೆಸ್ಟೆನ್ ಇರಲಿಲ್ಲ. ಅವನು ಮೂರು ಎಂದಿದ್ದ, ನಾನು ಐದು ಬರೆದೆ, ಅದರಿಂದ ಅವನಿಗೆ ಬರಬೇಕಿದ್ದ ಫೋನ್ ಬರಲಿಲ್ಲ ಎಂದಳು. ಅದಕ್ಕಿಂತ ಒಂದು ಮಾತು ಹೆಚ್ಚಿಗೆ ಹೇಳಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಜನ ಕಾಫಿ ಮುಗಿಸಿ ಎದ್ದರು. ಓಲುಫ್ ಮಾತ್ರ ಹೊರಗೆ ಕೋಟಿನ ಗುಂಡಿ ಹಾಕುತ್ತ ಅವಳ ಪಕ್ಕ ನಿಂತ. ಪುಕ್ಕಲರು ಅಂತ ನಾನು ಆವತ್ತು ಸುಮ್ನೆ ಅಂದಿದ್ದು ಎಂದ. ಗೊತ್ತು ಎಂದಳು ಅವಳು.

ಏಪ್ರಿಲ್‌ನಲ್ಲಿ ಪುರಸಭೆಯಿಂದ ಕ್ರೆಸ್ಟೆನ್‌ಗೆ ನಾಲ್ಕು ಸಾಲಿನ ಕಾಗದ ಬಂತು. ಸರಾಸರಿ ಮೂರು ಎಂದು ತಿದ್ದಲಾಗಿದೆ, ಅಕ್ಟೋಬರಿನಲ್ಲೇ ಅವರನ್ನು ಸಂಪರ್ಕಿಸಬೇಕಾಗಿತ್ತು ಎಂದು ಅದರಲ್ಲಿತ್ತು. ಅವನು ಅದನ್ನು ಯಾರಿಗೂ ತೋರಿಸಲಿಲ್ಲ. ಅಂಚೆಯ ಹೆಂಗಸಿನಿಂದ ಊರಿಗೆ ತಿಳಿಯಿತು. ಅಂಗಡಿಯಲ್ಲಿ ಜನ ಅವನನ್ನು ಮತ್ತೆ ಹೇಗಿದ್ದೀಯ ಎಂದು ಕೇಳತೊಡಗಿದರು. ನಡೀತಾ ಇದೆ ಎಂದು ಅವನು ಹೇಳುತ್ತಿದ್ದನಂತೆ. ಯಾವ ರೀತಿಯಲ್ಲಿ ಎಂಬುದು ಡಾಗ್ನಿಗೆ ತಿಳಿಯಲಿಲ್ಲ. ಅವಳಿದ್ದಾಗ ಅವನು ಅಂಗಡಿಗೆ ಬರುತ್ತಿರಲಿಲ್ಲ.

ಈಗ ಅವಳು ಯಾರ ಮನೆಗೂ ಕೇಳಲು ಹೋಗುವುದಿಲ್ಲ. ಆರೈಕೆ ಕೇಂದ್ರದಲ್ಲಿ ವಾರಕ್ಕೆರಡು ದಿನ ಕಾಫಿ ಮಾಡುತ್ತಾಳೆ, ಮರೆವಿನವರ ಕೋಟುಗಳನ್ನು ಹುಡುಕಿಕೊಡುತ್ತಾಳೆ. ಅವಳ ಕಿವಿ ಹಿಂದಿನಷ್ಟೇ ಚುರುಕು ಎಂದು ಅಲ್ಲಿಯವರು ಹೇಳುತ್ತಾರೆ. ಆದರೆ ಸಂಜೆ ಕರೆದುಕೊಂಡು ಹೋಗಲು ಬಂದವರು ನಡೀತಾ ಇದೆ ಎಂದರೆ, ಅವಳು ಇನ್ನೊಂದು ಸಲ ಕೇಳುತ್ತಾಳೆ. ಕೆಲವರಿಗೆ ಅದು ಕಿರಿಕಿರಿ.

ಒಂದು ವರ್ಷ ಕ್ರೆಸ್ಟೆನ್‌ನ ಕಾರು ಕಡಲನ್ನು ತಡೆಯುವ ಕಟ್ಟೆಯ ಮೇಲಿನ ರಸ್ತೆಯಲ್ಲಿ ಅವಳ ಕಾರಿಗೆ ಎದುರಾದಾಗಲೆಲ್ಲ ಅವನ ಎರಡೂ ಕೈಗಳು ಸ್ಟಿಯರಿಂಗಿನ ಮೇಲೆಯೇ ಇರುತ್ತಿದ್ದವು. ಅವಳು ತನ್ನ ಎರಡು ಬೆರಳನ್ನು ಎತ್ತುತ್ತಿದ್ದಳು. ಅವನು ನೇರ ರಸ್ತೆಯನ್ನೇ ನೋಡುತ್ತ ಹೋಗುತ್ತಿದ್ದ. ಮರುವರ್ಷದ ಮಾರ್ಚ್‌ನ ಒಂದು ಬೆಳಿಗ್ಗೆ, ಬಿಸಿಲಿದ್ದ ದಿನ, ಚರ್ಚಿನ ತಿರುವಿನಲ್ಲಿ ಅವನ ಕೈ ಅಲುಗಿತು. ಒಂದು ಬೆರಳು ಮೇಲೆದ್ದಿತು, ಇಳಿಯಿತು.

ಡಾಗ್ನಿ ಮುಂದೆ ಹೋಗಿ ರಸ್ತೆಯ ಪಕ್ಕ ಕಾರು ನಿಲ್ಲಿಸಿದಳು. ಎರಡು ಎತ್ತಲು ಹೊರಟು ಒಂದಕ್ಕೆ ನಿಂತಿತೇ, ಬಿಸಿಲಿಗೆ ಇನ್ನೊಂದು ತನಗೆ ಕಾಣಲಿಲ್ಲವೇ ಎಂಬ ಯೋಚನೆ ತಾನಾಗಿ ಬಂತು. ಅವಳು ಅದನ್ನು ಬೆಳೆಯಲು ಬಿಡಲಿಲ್ಲ. ಅವನು ಎತ್ತಿದ್ದು ಒಂದು. ಒಂದು ಎಂದೇ ಇಟ್ಟುಕೊಂಡು, ಕಾರು ಚಾಲೂ ಮಾಡಿ, ಕೇಂದ್ರದ ಕಡೆಗೆ ಹೊರಟಳು.